ಆಟದ ಬಂದೂಕು ಮತ್ತು ಮಕ್ಕಳ ಕಣ್ಣು: ಪಾಲಕರು ಅರಿಯಬೇಕಾದ ಸಂಗತಿಗಳು

ಜ್ಞಾನೇಂದ್ರಿಯಗಳಲ್ಲಿ ಕಣ್ಣು ಅತ್ಯಂತ ಸೂಕ್ಷ್ಮವಾದುದು. ಮುರಿದ ಎಲುಬು ಕೂಡುತ್ತದೆ, ಹರಿದ ಚರ್ಮ ಮಾಯುತ್ತದೆ. ಆದರೆ ಒಮ್ಮೆ ಹಾಳಾದ ಅಕ್ಷಿಪಟಲ ಮತ್ತೆ ಮೊದಲಿನಂತಾಗುವುದು ದುರ್ಲಭ. ಹೀಗಿದ್ದೂ ನಮ್ಮ ಮನೆಗಳಲ್ಲಿ ಮಕ್ಕಳ ಕೈಗೆ ನಾವೇ ದುಡ್ಡು ಕೊಟ್ಟು ತಂದುಕೊಡುವ ಒಂದು ವಸ್ತು ಆ ಕಣ್ಣಿಗೇ ಕಂಟಕವಾಗುತ್ತಿದೆ. ಅದೇ ಗುಂಡು ಹಾರಿಸುವ ಆಟದ ಬಂದೂಕು. ಅದರ ಅಪಾಯ, ಅದರಿಂದ ಮಕ್ಕಳನ್ನು ಕಾಯುವ ಬಗೆ ಹಾಗೂ ಪೆಟ್ಟಾದಾಗ ಮಾಡಬೇಕಾದ ಪ್ರಥಮೋಪಚಾರವನ್ನು ಈ ತಿಂಗಳ ಆರೋಗ್ಯ ವಿಭಾಗದಲ್ಲಿ ವಿಚಾರಿಸೋಣ.

ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಶ್ರಾವಣದಲ್ಲಿ ಬಸವನಬಾಗೇವಾಡಿಯ ಮೂಲನಂದೀಶ್ವರ ಜಾತ್ರೆ. ಇಂಗಳೇಶ್ವರ ಮತ್ತು ಸುತ್ತಲಿನ ಊರುಗಳ ಮಕ್ಕಳಿಗೆ ಇವು ಸಂಭ್ರಮದ ದಿನಗಳು. ಬೆಂಡು ಬತ್ತಾಸು, ಚುರಮುರಿಗಳ ಜೊತೆಗೆ ಆಟಿಕೆಯ ಅಂಗಡಿಯಲ್ಲಿ ಬಂದೂಕೂ ಕೈಗೆ ಬರುತ್ತದೆ. ಮೊದಲು ಅದು ಬರಿ ಸಪ್ಪಳ ಮಾಡುವ ಟಿಕಳಿ ಪಿಸ್ತೂಲು ಆಗಿತ್ತು. ಈಗ ಪ್ಲಾಸ್ಟಿಕ್ ಗುಂಡು ಹಾರಿಸುವ ಸ್ಪ್ರಿಂಗ್ ಬಂದೂಕು, ಬ್ಯಾಟರಿ ಬಂದೂಕು, ನೀರಿನಲ್ಲಿ ನೆನೆದು ಉಬ್ಬುವ ಜೆಲ್ ಗುಂಡಿನ ಬಂದೂಕು ಬಂದಿವೆ. ಜಾತ್ರೆಗೆ ಹೋಗದವರಿಗೆ ಮೊಬೈಲಿನ ಮೂಲಕವೇ ಮನೆ ಬಾಗಿಲಿಗೆ ತಲುಪುತ್ತವೆ. ಮೊಬೈಲಿನ ಯುದ್ಧದಾಟಗಳಲ್ಲಿ ಕಂಡದ್ದನ್ನು ಮಕ್ಕಳು ಓಣಿಯಲ್ಲಿ, ಮಾಳಿಗೆಯ ಮೇಲೆ ಆಡಿ ನೋಡಲು ಹಂಬಲಿಸುತ್ತಾರೆ.

ಕಂಡದ್ದನ್ನು ಅನುಕರಿಸುವುದು ಮಕ್ಕಳ ಸಹಜ ಗುಣ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ, ಅದರ ಬೆನ್ನಿಗೆ ಮಹಾಭಾರತ ಧಾರಾವಾಹಿ ಬಂದಾಗ ದೇಶದ ಮಕ್ಕಳು ಕಡ್ಡಿಯ ಬಿಲ್ಲು ಬಾಣ ಹಿಡಿದರು. ಬಾಣ ತಗುಲಿದ ಕಣ್ಣುಗಳಿಗೆ ನೇತ್ರವೈದ್ಯರು ಚಿಕಿತ್ಸೆ ನೀಡಬೇಕಾಯಿತು. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಭೋಪಾಲ ಮೊದಲಾದೆಡೆ ಪ್ಲಾಸ್ಟಿಕ್ ಕೊಳವೆಯಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಮತ್ತು ನೀರು ಸೇರಿಸಿ ಸಿಡಿಸುವ ‘ಕಾರ್ಬೈಡ್ ಗನ್’ ನೂರಕ್ಕೂ ಹೆಚ್ಚು ಜನರ ಕಣ್ಣಿಗೆ ಗಾಯ ಮಾಡಿತು. ಅವರಲ್ಲಿ ಮಕ್ಕಳೇ ಹೆಚ್ಚು. ಕೆಲವರು ದೃಷ್ಟಿ ಕಳೆದುಕೊಂಡರು. ಸಾಧನ ಬದಲಾಗುತ್ತದೆ, ಪೆಟ್ಟು ಬೀಳುವ ಸ್ಥಳ ಮಾತ್ರ ಅದೇ ಆಗಿರುತ್ತದೆ.

ಸಣ್ಣ ಗುಂಡು, ದೊಡ್ಡ ಅಪಾಯ

ನಿಸರ್ಗವು ಕಣ್ಣನ್ನು ಎಲುಬಿನ ಗೂಡಿನಲ್ಲಿ ಇರಿಸಿದೆ. ಮೇಲೆ ಹುಬ್ಬಿನ ಎಲುಬು, ಕೆಳಗೆ ಕೆನ್ನೆಯ ಎಲುಬು, ಪಕ್ಕದಲ್ಲಿ ಮೂಗು. ಏಳು ಸೆಂಟಿಮೀಟರ್ ಅಗಲದ ಕ್ರಿಕೆಟ್ ಚೆಂಡು ಬಂದು ಬಡಿದರೆ ಪೆಟ್ಟಿನ ಬಹುಪಾಲನ್ನು ಈ ಎಲುಬುಗಳೇ ತಡೆಯುತ್ತವೆ. ಆದರೆ ಆಟದ ಬಂದೂಕಿನ ಗುಂಡಿನ ವ್ಯಾಸ ಕೇವಲ 6 ಮಿಲಿಮೀಟರ್; ಕಣ್ಣುಗುಡ್ಡೆಯ ವ್ಯಾಸ ಸುಮಾರು 24 ಮಿಲಿಮೀಟರ್. ಆ ಗುಂಡನ್ನು ತಡೆಯಲು ಯಾವ ಎಲುಬೂ ಅಡ್ಡ ಬರುವುದಿಲ್ಲ. ಅದರ ಶಕ್ತಿಯೆಲ್ಲ ಒಂದು ಜೋಳದ ಕಾಳಿಗಿಂತ ತುಸು ದೊಡ್ಡದಾದ ಜಾಗದ ಮೇಲೆ ಬೀಳುತ್ತದೆ.

ಕಣ್ಣು ಮುಚ್ಚಿಕೊಂಡರೆ ಆಯಿತಲ್ಲ ಎಂದು ಕೇಳಬಹುದು. ರೆಪ್ಪೆ ಮುಚ್ಚಲು ಸುಮಾರು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ಸೆಕೆಂಡಿಗೆ 50 ಮೀಟರ್ ವೇಗದ ಗುಂಡು ಅಷ್ಟರಲ್ಲಿ 5 ಮೀಟರ್ ಸಾಗಿರುತ್ತದೆ. ಪಡಸಾಲೆಯ ಈ ತುದಿಯಿಂದ ಆ ತುದಿಗೆ ಅಷ್ಟು ದೂರವೂ ಇರುವುದಿಲ್ಲ. ದೊಡ್ಡವರು ಬಳಸುವ ಏರ್‌ಸಾಫ್ಟ್ ಬಂದೂಕುಗಳ ವೇಗ ಸೆಕೆಂಡಿಗೆ 90ರಿಂದ 100 ಮೀಟರ್. ಈ ಆಟ ಹುಟ್ಟಿದ ಜಪಾನಿನಲ್ಲೇ ಇಂಥ ಬಂದೂಕಿನ ಶಕ್ತಿಗೆ 2006ರಿಂದ ಕಾನೂನಿನ ಮಿತಿಯಿದೆ. ಗುಂಡು ಹಾರಿಸುವ ಗಾಳಿ ಬಂದೂಕುಗಳನ್ನು ಆಟಿಕೆಯೆಂದು ಎಣಿಸಲೇಬಾರದು, ಅವು ಆಯುಧಗಳು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2004ರಲ್ಲಿಯೇ ಸ್ಪಷ್ಟಪಡಿಸಿದೆ.

ಒಳಗೆ ಆಗುವುದೇನು?

ಗುಂಡು ತಗುಲಿದಾಗ ಕಣ್ಣುಗುಡ್ಡೆ ಕ್ಷಣಕಾಲ ಒಳಕ್ಕೆ ಒತ್ತಲ್ಪಟ್ಟು ಅಡ್ಡಲಾಗಿ ಹಿಗ್ಗುತ್ತದೆ. ಆಗ ಒಳಗಿನ ನಾಜೂಕಾದ ಪದರಗಳು ಹರಿಯುತ್ತವೆ. ಕರಿಗುಡ್ಡೆಯ ಮುಂದಿನ ಪಾರದರ್ಶಕ ಪೊರೆ ತರಚಬಹುದು. ಅದರ ಹಿಂದಿನ ಕೋಣೆಯಲ್ಲಿ ರಕ್ತ ತುಂಬಬಹುದು. ಈ ರಕ್ತಸ್ರಾವ ನಿಂತಂತೆ ಕಂಡು ಎರಡರಿಂದ ಐದು ದಿನಗಳೊಳಗೆ ಮತ್ತೆ ಮರುಕಳಿಸುವುದುಂಟು. ಎರಡನೆಯ ಸ್ರಾವವು ಮೊದಲನೆಯದಕ್ಕಿಂತ ಕೆಟ್ಟದ್ದಾಗಿರಬಹುದು. ಕಣ್ಣಿನ ಮಸೂರ ಮಬ್ಬಾಗಿ ಎಳೆಯ ವಯಸ್ಸಿನಲ್ಲೇ ಪೊರೆ ಬರಬಹುದು. ಅಕ್ಷಿಪಟಲ ಕಳಚಬಹುದು. ಕಣ್ಣಿನ ದ್ರವ ಹರಿದುಹೋಗುವ ದಾರಿ ಕೆಟ್ಟರೆ, ಎಷ್ಟೋ ವರ್ಷಗಳ ನಂತರ ಒಳಗಿನ ಒತ್ತಡ ಏರಿ ಗ್ಲಾಕೋಮಾ ಕಾಣಿಸಿಕೊಳ್ಳಬಹುದು. ಆದುದರಿಂದ ಒಮ್ಮೆ ಬಲವಾದ ಪೆಟ್ಟಾದ ಕಣ್ಣನ್ನು ಗುಣವಾದ ಮೇಲೂ ವರ್ಷಕ್ಕೊಮ್ಮೆ ಪರೀಕ್ಷಿಸಬೇಕು.

ಏಳೆಂಟು ವರ್ಷದೊಳಗಿನ ಮಕ್ಕಳಲ್ಲಿ ಇನ್ನೊಂದು ಹಾನಿಯಿದೆ. ಆ ವಯಸ್ಸಿನಲ್ಲಿ ಮೆದುಳು ನೋಡುವುದನ್ನು ಇನ್ನೂ ಕಲಿಯುತ್ತಿರುತ್ತದೆ. ಒಂದು ಕಣ್ಣು ಬಹುಕಾಲ ಮಬ್ಬಾಗಿದ್ದರೆ ಮೆದುಳು ಅದನ್ನು ಕಡೆಗಣಿಸುತ್ತದೆ. ಗಾಯ ಮಾಯ್ದರೂ ಆ ಕಣ್ಣಿನ ದೃಷ್ಟಿ ಬಲಗೊಳ್ಳದೆ ಉಳಿಯುತ್ತದೆ.

ಮೇಲ್ವಿಚಾರಣೆ ಎಂದರೇನು?

ಕಟ್ಟೆಯ ಮೇಲೆ ಮೊಬೈಲ್ ನೋಡುತ್ತ ಕುಳಿತು ‘ಹುಷಾರಾಗಿ ಆಡ್ರಿ’ ಎನ್ನುವುದು ಮೇಲ್ವಿಚಾರಣೆಯಲ್ಲ. ಪಾಲಕರು ಈ ಮುಂದಿನವುಗಳನ್ನು ನಿಯಮವಾಗಿ ಪಾಲಿಸಬೇಕೆಂಬುದು ನಮ್ಮ ಆಗ್ರಹ.

1. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಗುಂಡು ಹಾರುವ ಬಂದೂಕನ್ನು ಕೊಡಿಸಲೇಬಾರದು. ಮಗು ಹಟ ಹಿಡಿದರೂ, ಬೀಗರು ಉಡುಗೊರೆ ತಂದರೂ ಈ ಮಾತು ಸಡಿಲಾಗಬಾರದು.

2. ಯಾವುದೇ ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಬೇಕು. ಹದಿನಾಲ್ಕು ವರ್ಷದೊಳಗಿನವರ ಆಟಿಕೆಗಳಿಗೆ 2021ರ ಜನವರಿ 1ರಿಂದ ಈ ಗುರುತು ಕಡ್ಡಾಯ. ಗುರುತಿಲ್ಲದ ಅಗ್ಗದ ಮಾಲನ್ನು ತಿರಸ್ಕರಿಸಬೇಕು.

3. ಹದಿನಾಲ್ಕು ದಾಟಿದವರು ಆಡುವುದಾದರೆ ಹಿರಿಯರೊಬ್ಬರು ಮೊದಲಿನಿಂದ ಕೊನೆಯವರೆಗೆ ಪಕ್ಕದಲ್ಲಿರಬೇಕು. ಆಡುವವರು, ನೋಡುವವರು, ಆ ಹಿರಿಯರು, ಎಲ್ಲರೂ ಕಣ್ಣನ್ನು ಸುತ್ತಲೂ ಮುಚ್ಚುವ ಪಾಲಿಕಾರ್ಬೊನೇಟ್ ರಕ್ಷಣಾ ಕನ್ನಡಕ ಧರಿಸಬೇಕು. ಚಾಳೀಸು ಅಥವಾ ಬಿಸಿಲಿನ ಕನ್ನಡಕ ರಕ್ಷಣೆಯಲ್ಲ. ಅದರ ಗಾಜು ಒಡೆದು ಚೂರೇ ಕಣ್ಣಿಗೆ ಹೋದೀತು.

4. ಮನುಷ್ಯರತ್ತ, ದನಕರುಗಳತ್ತ, ಹಕ್ಕಿಗಳತ್ತ ಗುರಿಯಿಡಕೂಡದು. ಕಲ್ಲುಗೋಡೆಯ ಮುಂದೆ ಗುರಿ ಇಡಬಾರದು. ಗುಂಡು ಪುಟಿದು ಹೊಡೆದವನ ಕಣ್ಣಿಗೇ ಮರಳುತ್ತದೆ. ಗುರಿಯ ಹಿಂದೆ ದಪ್ಪ ಗೋಣಿತಟ್ಟು ಇಳಿಬಿಟ್ಟಿರಬೇಕು.

5. ಗುಂಡಿನ ಡಬ್ಬಿ ತೆಗೆದರೆ ಬಂದೂಕು ಖಾಲಿಯಾಯಿತೆಂದು ನಂಬಬಾರದು. ನಳಿಗೆಯಲ್ಲಿ ಒಂದು ಗುಂಡು ಉಳಿದಿರಬಹುದು. ಆಟ ಮುಗಿದೊಡನೆ ಬಂದೂಕು, ಗುಂಡುಗಳನ್ನು ಬೇರೆ ಬೇರೆಯಾಗಿ ಬೀಗದಲ್ಲಿರಿಸಬೇಕು.

6. ಜಾತ್ರೆಯಲ್ಲಿ ಬಲೂನಿಗೆ ಗುರಿಯಿಡುವ ಅಂಗಡಿಯ ಬಂದೂಕು ಆಟಿಕೆಯಲ್ಲ, ನಿಜವಾದ ಏರ್ ರೈಫಲ್. ಅದರ ಪಕ್ಕದಲ್ಲಿ, ಮುಂದೆ ಮಕ್ಕಳನ್ನು ನಿಲ್ಲಗೊಡಬಾರದು.

ಪೆಟ್ಟಾದಾಗ

ಬೈಗುಳಕ್ಕೆ ಅಂಜಿ ಮಕ್ಕಳು ಪೆಟ್ಟನ್ನು ಮುಚ್ಚಿಡುತ್ತಾರೆ. ದೃಷ್ಟಿ ಹಾಳಾಗುವುದಕ್ಕೆ ಇದೊಂದು ದೊಡ್ಡ ಕಾರಣ. ‘ಏನೇ ಆದರೂ ಮೊದಲು ನಮಗೆ ಹೇಳು, ಬಡಿಯುವುದಿಲ್ಲ’ ಎಂಬ ಭರವಸೆಯನ್ನು ಮುಂಚೆಯೇ ಕೊಟ್ಟಿರಬೇಕು, ಅದನ್ನು ನಡೆಸಬೇಕು. ಮಗು ಒಂದು ಕಣ್ಣನ್ನು ಮುಚ್ಚಿಕೊಂಡೇ ಇದ್ದರೆ, ಬೆಳಕಿಗೆ ಅಂಜಿದರೆ, ವಾಂತಿ ಮಾಡಿದರೆ, ಎರಡು ಪಾಪೆಗಳ ಗಾತ್ರ ಬೇರೆ ಬೇರೆ ಕಂಡರೆ ತಡಮಾಡಬಾರದು. ಒಳ್ಳೆಯ ಕಣ್ಣನ್ನು ಅಂಗೈಯಿಂದ ಮುಚ್ಚಿ, ಪೆಟ್ಟಾದ ಕಣ್ಣಿಗೆ ಬೆರಳು ತೋರಿಸಿ ಎಣಿಸಲು ಹೇಳಬೇಕು. ನೋವು ಇಳಿಯಿತೆಂದ ಮಾತ್ರಕ್ಕೆ ಅಪಾಯ ಕಳೆಯಿತೆಂದು ತಿಳಿಯಬಾರದು.

ಪೆಟ್ಟಾದ ಕಣ್ಣನ್ನು ತಿಕ್ಕಬಾರದು, ಒತ್ತಬಾರದು, ರೆಪ್ಪೆಯನ್ನು ಬಲವಂತದಿಂದ ಬಿಡಿಸಬಾರದು. ಎದೆಹಾಲು, ತುಪ್ಪ, ಅರಿಷಿಣ, ಮನೆಯಲ್ಲಿದ್ದ ಹಳೆಯ ಕಣ್ಣಿನ ಹನಿ, ಯಾವುದನ್ನೂ ಹಾಕಬಾರದು. ಚುಚ್ಚಿದ್ದನ್ನು ಕೀಳಬಾರದು. ಕಾಗದದ ಚಹಾ ಕಪ್ಪಿನ ತಳಭಾಗವನ್ನು ಕತ್ತರಿಸಿ, ಅದರ ಅಂಚು ಹುಬ್ಬು ಮತ್ತು ಕೆನ್ನೆಯ ಎಲುಬಿನ ಮೇಲೆ ಕೂಡುವಂತೆ ಇಟ್ಟು ಪಟ್ಟಿಯಿಂದ ಅಂಟಿಸಬೇಕು. ಅದು ಕಣ್ಣಿಗೆ ತಾಗಕೂಡದು. ತಲೆ ಎತ್ತರದಲ್ಲಿರುವಂತೆ ಮಗುವನ್ನು ಒರಗಿಸಿ ಕೂಡಿಸಬೇಕು. ಆಸ್ಪಿರಿನ್ ಗುಳಿಗೆ ರಕ್ತಸ್ರಾವವನ್ನು ಹೆಚ್ಚಿಸುವುದರಿಂದ ಕೊಡಬಾರದು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ವೈದ್ಯರು ನೋಡುವವರೆಗೆ ಆಹಾರ ನೀರು ಬೇಡ.

ಇಲ್ಲಿ ಒಂದು ಭೇದವನ್ನು ನೆನಪಿಡಬೇಕು. ಎಲೆ ಅಡಿಕೆಯ ಸುಣ್ಣದ ಡಬ್ಬಿ, ಪಾಕೀಟು ಸಿಡಿದು ಅಥವಾ ಕಾರ್ಬೈಡ್ ಹಾರಿ ಕಣ್ಣಿಗೆ ಬಿದ್ದರೆ ಕ್ರಮ ಇದಕ್ಕೆ ವಿರುದ್ಧ. ಆಗ ಒಂದು ಕ್ಷಣವೂ ಕಾಯದೆ ಸ್ವಚ್ಛ ನೀರಿನ ಧಾರೆಯಿಂದ ಅರ್ಧ ಗಂಟೆಯವರೆಗೆ ಕಣ್ಣು ತೊಳೆದು, ಆಮೇಲೆ ಹೊರಡಬೇಕು. ಗುಂಡಿನ ಪೆಟ್ಟಿಗೆ ನೀರು ಬೇಡ, ಸುಣ್ಣಕ್ಕೆ ನೀರೇ ಮೊದಲ ಮದ್ದು.

ಇಂಗಳೇಶ್ವರದಿಂದ ಹೊರಡುವವರು 108ಕ್ಕೆ ಕರೆ ಮಾಡಿ ನೇತ್ರತಜ್ಞರಿರುವ ಆಸ್ಪತ್ರೆಗೇ ಹೋಗಬೇಕು. ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆಯೂ, ಬಿಎಲ್‌ಡಿಇ ಸಂಸ್ಥೆಯ ಬಿ. ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇವೆ. ರಾತ್ರಿಯಾಯಿತು, ನಾಳೆ ನೋಡೋಣ ಎಂಬ ಮಾತು ಈ ವಿಷಯದಲ್ಲಿ ಸಲ್ಲದು.

ಒಂದು ಕಣ್ಣು ಕಳೆದುಕೊಂಡ ಬಾಲಕನಿಗೆ ಸೇನೆ, ಪೊಲೀಸ್ ನೌಕರಿಯ ಬಾಗಿಲು ಮುಚ್ಚುತ್ತದೆ. ದೂರದ ಅಂದಾಜು ತಪ್ಪುವುದರಿಂದ ಹೊಲದ ಯಂತ್ರಗಳ ಕೆಲಸವೂ ಕಠಿಣವಾಗುತ್ತದೆ. ಜಾತ್ರೆಯ ಅಂಗಡಿಯ ಮುಂದೆ ಮಗು ಅತ್ತರೆ ಆ ಅಳು ಗಳಿಗೆಯಲ್ಲಿ ನಿಲ್ಲುತ್ತದೆ. ಬಂದೂಕಿನ ಬದಲು ಬುಗುರಿ, ಗಾಳಿಪಟ, ಚೆಂಡು ಕೊಡಿಸೋಣ. ಮನೆಯಲ್ಲಿ ಈಗಾಗಲೇ ಬಂದೂಕು ಇದ್ದರೆ ಇಂದೇ ಅದನ್ನು ಎತ್ತಿಡೋಣ.