ಅಮೆರಿಕದ ಶಾಲೆಯ ಹೆಲ್ತ್ ಫಾರ್ಮ್: ಗೆಲ್ಲಲು 12 ಸೂತ್ರಗಳು

ಆಗಸ್ಟ್ ಬಂತೆಂದರೆ ಫ್ರೀಮಾಂಟ್, ಎಡಿಸನ್, ಪ್ಲೇನೊಗಳ ಕನ್ನಡದ ಮನೆಗಳಲ್ಲಿ ಒಂದೇ ಗೋಳು. ಮನೆ ಬಾಡಿಗೆ ಕರಾರು ಆಯಿತು, ಪಾಸ್‌ಪೋರ್ಟ್ ತೋರಿಸಿದ್ದಾಯಿತು, ಮಗಳು ಹೊಸ ಬ್ಯಾಗೂ ಆರಿಸಿಕೊಂಡಳು. ಅಷ್ಟರಲ್ಲಿ ಪಬ್ಲಿಕ್ ಸ್ಕೂಲ್‌ನಿಂದ, ಅಂದರೆ ಅಲ್ಲಿನ ಸರ್ಕಾರಿ ಶಾಲೆಯಿಂದ, ಈಮೇಲ್ ಬರುತ್ತದೆ: ಹೆಲ್ತ್ ರೆಕಾರ್ಡ್ ಅಪೂರ್ಣ, ದಾಖಲಾತಿ ಬಾಕಿ. "ಹುಟ್ಟಿದಾಗಿನಿಂದ ಒಂದು ಲಸಿಕೆಯನ್ನೂ ತಪ್ಪಿಸಿಲ್ಲ, ಇನ್ನೇನು ಬೇಕಂತೆ ಇವರಿಗೆ?" ಎಂದು ಸಿಟ್ಟು ಬರುತ್ತದೆ. ಸಿಟ್ಟು ಸಹಜ. ಆದರೆ ಆಫೀಸಿನಲ್ಲಿ ದೊಡ್ಡ ದೊಡ್ಡ ಪ್ರಾಜೆಕ್ಟ್ ಮುಗಿಸುವ ನಿಮಗೆ ಇದೂ ಮುಗಿಸಬಹುದಾದ ಒಂದು ಪ್ರಾಜೆಕ್ಟ್.

ಗುಟ್ಟು ಇಷ್ಟೇ. ಮಗು ಗಟ್ಟಿಮುಟ್ಟಾಗಿದೆಯೇ ಎಂದು ಶಾಲೆಯ ಕ್ಲರ್ಕ್ ನೋಡುವುದಿಲ್ಲ. ಯಾವ ಲಸಿಕೆ, ಯಾವ ದಿನ ಎಂದು ನೋಡುತ್ತಾರೆ. ಆದ್ದರಿಂದ ದಿನಾಂಕಗಳನ್ನು ಹಿಡಿಯಿರಿ. ಉಳಿದದ್ದೆಲ್ಲ ತಾನಾಗಿ ಸಾಲಿಗೆ ಬರುತ್ತದೆ.

1. ವಾದ ನಿಲ್ಲಿಸಿ, ಕಾನೂನು ತಿಳಿದುಕೊಳ್ಳಿ.

ಕೌಂಟರ್‌ನಲ್ಲಿ ಕೂತ ಮಹಿಳೆಯ ಜೊತೆ ಜಗಳವಾಡಬೇಡಿ. ನಿಯಮ ಅವರದಲ್ಲ, ರಾಜ್ಯದ್ದು. ಲಸಿಕೆ ಹಾಕಿಸದ ಮಗುವನ್ನು ಶಾಲೆಗೆ ಸೇರಿಸದಿರಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1922ರಲ್ಲೇ, ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ನಗರದ ಒಂದು ಪ್ರಕರಣದಲ್ಲಿ ಒಪ್ಪಿತು. 2014ರ ಕೊನೆಯಲ್ಲಿ ಡಿಸ್ನಿಲ್ಯಾಂಡ್‌ನಿಂದ ದಡಾರ ಹಬ್ಬಿದ ಮೇಲೆ ಕ್ಯಾಲಿಫೋರ್ನಿಯಾ ಇನ್ನೂ ಬಿಗಿಯಾಯಿತು. 2015ರ ಎಸ್‌ಬಿ 277 ಕಾನೂನು "ನಮಗೆ ನಂಬಿಕೆಯಿಲ್ಲ" ಎಂಬ ಕಾರಣದ ವಿನಾಯಿತಿಯನ್ನೇ ತೆಗೆದುಹಾಕಿತು. ಕ್ಲರ್ಕ್‌ಗೆ ಇದನ್ನು ಬದಲಿಸುವ ಅಧಿಕಾರವಿಲ್ಲ. ಆ ಶಕ್ತಿಯನ್ನು ದಾಖಲೆ ಹುಡುಕಲು ಬಳಸಿ.

2. ನಿಮ್ಮ ರಾಜ್ಯದ ಪಟ್ಟಿಯನ್ನೇ ನೋಡಿ.

ವಾಟ್ಸಾಪ್ ಗ್ರೂಪಿನ ಸಲಹೆ ನಂಬಿ ಕೂರಬೇಡಿ. ಡಲ್ಲಾಸ್‌ನ ಗೆಳೆಯನಿಗೆ ನಡೆದದ್ದು ನ್ಯೂಜೆರ್ಸಿಯಲ್ಲಿ ನಡೆಯದು. ಕ್ಯಾಲಿಫೋರ್ನಿಯಾದ ಕಿಂಡರ್‌ಗಾರ್ಟನ್‌ಗೆ ಸಾಮಾನ್ಯವಾಗಿ ಬೇಕಾದದ್ದು ಡಿಟಿಎಪಿ (ಗಂಟಲಮಾರಿ, ಧನುರ್ವಾಯು, ನಾಯಿಕೆಮ್ಮು) 5, ಪೋಲಿಯೊ 4, ಹೆಪಟೈಟಿಸ್ ಬಿ 3, ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) 2, ಚಿಕನ್ ಪಾಕ್ಸ್ 2 ಡೋಸ್. ಟೆಕ್ಸಾಸ್ ಇದರ ಜೊತೆ ಹೆಪಟೈಟಿಸ್ ಎ ಲಸಿಕೆಯ 2 ಡೋಸ್ ಕೇಳುತ್ತದೆ. ಫಾರ್ಮ್‌ಗಳೂ ಬೇರೆ ಬೇರೆ: ನ್ಯೂಜೆರ್ಸಿಯಲ್ಲಿ ಸಿಎಚ್-14, ನ್ಯೂಯಾರ್ಕ್ ನಗರದಲ್ಲಿ ಸಿಎಚ್-205. ರಾಜ್ಯದ ಆರೋಗ್ಯ ಇಲಾಖೆಯ ಪಟ್ಟಿ ಮತ್ತು ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನ ಪಟ್ಟಿ, ಎರಡನ್ನೂ ಪ್ರಿಂಟ್ ಹಾಕಿ ಫ್ರಿಜ್ ಮೇಲೆ ಅಂಟಿಸಿ. ಕಣ್ಣೆದುರಿಗಿರುವ ಪಟ್ಟಿ ಮರೆಯುವುದಿಲ್ಲ.

3. ವಿಮಾನ ಹತ್ತುವ ಮೊದಲೇ ದಾಖಲೆ ಕಟ್ಟಿಕೊಳ್ಳಿ.

ತಾಯಿ ಕಾರ್ಡ್ ಹುಡುಕಿ. ಮಕ್ಕಳ ಡಾಕ್ಟರ್ ಕೊಟ್ಟ ಲಸಿಕೆ ಪುಸ್ತಕ ಹುಡುಕಿ. ಅಂಗನವಾಡಿಯಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಹಾಕಿಸಿದ್ದರೆ ಅಲ್ಲಿನ ಆಶಾ ಕಾರ್ಯಕರ್ತೆಯನ್ನೇ ಕೇಳಿ. ರಿಜಿಸ್ಟರ್ ಎಲ್ಲಿದೆ ಎಂದು ಅವರಿಗೆ ಗೊತ್ತಿರುತ್ತದೆ. ನಂತರ ಡಾಕ್ಟರ್ ಬಳಿ ಹೋಗಿ ಎಲ್ಲ ಲಸಿಕೆಗಳನ್ನೂ ಇಂಗ್ಲಿಷ್‌ನಲ್ಲಿ, ಟೈಪ್ ಮಾಡಿದ ಒಂದೇ ಪತ್ರದಲ್ಲಿ, ಸಹಿ, ಸೀಲು, ನೋಂದಣಿ ಸಂಖ್ಯೆಯೊಂದಿಗೆ ಬರೆಸಿಕೊಳ್ಳಿ. ಸ್ಕ್ಯಾನ್ ಮಾಡಿ ನಿಮಗೇ ಈಮೇಲ್ ಮಾಡಿಕೊಳ್ಳಿ. ಮೂಲ ಪ್ರತಿಯನ್ನು ಕ್ಯಾಬಿನ್ ಬ್ಯಾಗ್‌ನಲ್ಲಿಡಿ. ಜಯನಗರದಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ ಸ್ಯಾನ್ ಹೋಸೆಯಿಂದ ಮಾಡಿಸಲು ಹೋದರೆ ವಾರಗಳು ಬೇಕಾಗುತ್ತವೆ.

4. ತಿಂಗಳನ್ನು ಅಕ್ಷರದಲ್ಲಿ ಬರೆಸಿ.

05/06/2020 ನಮಗೆ ಜೂನ್ 5. ಅಮೆರಿಕದವರಿಗೆ ಮೇ 6. ಈ ಒಂದು ಗೊಂದಲದಿಂದ ಸರಿಯಾದ ಡೋಸ್ ಕೂಡ "ವಯಸ್ಸಿಗೆ ಮೊದಲೇ ಹಾಕಿದ್ದು" ಎಂದು ಪಕ್ಕಕ್ಕೆ ಹೋಗಬಹುದು. ಬ್ರ್ಯಾಂಡ್ ಹೆಸರಿನ ಪಕ್ಕದಲ್ಲಿ ಒಳಗೇನಿದೆ ಎಂದೂ ಬರೆಸಿ. "ಈಸಿಫೈವ್", "ಹೆಕ್ಸಾಕ್ಸಿಮ್" ಎಂದಷ್ಟೇ ಇದ್ದರೆ ಅಲ್ಲಿನ ನರ್ಸ್‌ಗೆ ಅರ್ಥವಾಗಲಿಕ್ಕಿಲ್ಲ. ಪತ್ರದಲ್ಲಿ ಮಗುವಿನ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಲಿ. ಲಸಿಕೆ ಪುಸ್ತಕದಲ್ಲಿ "ಬೇಬಿ ಆಫ್ ಸವಿತಾ" ಎಂದಿದ್ದರೆ ಎರಡೂ ಹೆಸರು ಒಂದೇ ಮಗುವಿನದು ಎಂದು ಡಾಕ್ಟರ್ ಒಂದು ಸಾಲು ಬರೆದುಕೊಡಲಿ. ಓದುವವರಿಗೆ ಅನುಮಾನವೇ ಬರದ ದಾಖಲೆ ಬೇಗ ಮುಂದಕ್ಕೆ ಹೋಗುತ್ತದೆ.

5. ಲೆಕ್ಕಕ್ಕೆ ಬಾರದ ಡೋಸ್‌ಗಳನ್ನು ಮೊದಲೇ ಗುರುತಿಸಿ.

ಹೆಚ್ಚಿನ ಪೋಷಕರ ಸಿಟ್ಟು ಹುಟ್ಟುವುದೇ ಇಲ್ಲಿ. ಹಾಕಿಸಿದ್ದು ನಿಜ, ಆದರೂ ಎಣಿಕೆಗೆ ಸಿಗುವುದಿಲ್ಲ. ಕಾರಣ ಎರಡು ದೇಶಗಳ ವೇಳಾಪಟ್ಟಿ ಬೇರೆ ಎಂಬುದು. ನಮ್ಮಲ್ಲಿ ದಡಾರದ ಅಪಾಯ ಹೆಚ್ಚು, ಆದ್ದರಿಂದ ಮೊದಲ ಡೋಸ್ 9 ತಿಂಗಳಿಗೇ ಹಾಕುತ್ತಾರೆ. ಅಮೆರಿಕದ ಶಾಲೆ ಮೊದಲ ಹುಟ್ಟುಹಬ್ಬದ ನಂತರದ್ದನ್ನು ಎಣಿಸುತ್ತದೆ. ನಮ್ಮ ಸರ್ಕಾರಿ ಕಾರ್ಯಕ್ರಮದ ಎಂಆರ್ ಲಸಿಕೆಯಲ್ಲಿ, ಶಾಲೆ ಕೇಳುವ ಎಂಎಂಆರ್‌ನಲ್ಲಿರುವ ಮಂಗನಬಾವಿನ ಭಾಗವಿಲ್ಲ. ಚಿಕನ್ ಪಾಕ್ಸ್ ಲಸಿಕೆ ಆ ಕಾರ್ಯಕ್ರಮದಲ್ಲೇ ಇಲ್ಲ. ಹೆಪಟೈಟಿಸ್ ಬಿ ನಮ್ಮಲ್ಲಿ 14 ವಾರಕ್ಕೆ ಮುಗಿಯುತ್ತದೆ. ಅಮೆರಿಕದ ವೇಳಾಪಟ್ಟಿಯ ಪ್ರಕಾರ ಕೊನೆಯ ಡೋಸ್ ಮಗುವಿಗೆ 24 ವಾರ ತುಂಬಿದ ಮೇಲೆ ಬೀಳಬೇಕು. ಪೋಲಿಯೊ ಹನಿ 2016ರ ಏಪ್ರಿಲ್‌ನಲ್ಲಿ ಮೂರು ಬಗೆಯ ವೈರಸ್‌ನಿಂದ ಎರಡಕ್ಕೆ ಇಳಿಯಿತು. ಆ ನಂತರದ ಹನಿಗಳನ್ನು ಅಮೆರಿಕ ಎಣಿಸುವುದಿಲ್ಲ, ಇಂಜೆಕ್ಷನ್ ಬೇಕು. ಈ ಐದನ್ನೂ ನಿಮ್ಮ ಮಗುವಿನ ಪಟ್ಟಿಯ ಜೊತೆ ಇವತ್ತೇ ತಾಳೆ ನೋಡಿ. ಕೊರತೆ ಮೊದಲೇ ಗೊತ್ತಾದರೆ ಆಘಾತವಿಲ್ಲ, ಕೆಲಸ ಮಾತ್ರ ಇರುತ್ತದೆ.

6. "ಮತ್ತೆ ಚುಚ್ಚಿಸಬೇಕಾ?" ಎಂಬ ಹಿಂಜರಿಕೆ ಬಿಡಿ.

ದಾಖಲೆ ಇಲ್ಲದಿದ್ದರೆ ಲಸಿಕೆಯನ್ನು ಮತ್ತೆ ಹಾಕಿಸುವುದು ಸುರಕ್ಷಿತ ಎಂಬುದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ನಿಲುವು. ಆದರೂ ಬೇರೆ ದಾರಿ ಇದೆಯೇ ಎಂದು ಕೇಳಿ. ದಡಾರ, ಮಂಗನಬಾವು, ರುಬೆಲ್ಲಾ, ಚಿಕನ್ ಪಾಕ್ಸ್‌ಗಳಿಗೆ ರೋಗನಿರೋಧಕ ಶಕ್ತಿ ತೋರಿಸುವ ರಕ್ತಪರೀಕ್ಷೆಯನ್ನು ಹಲವು ರಾಜ್ಯಗಳು ಒಪ್ಪುತ್ತವೆ. ಅದಕ್ಕೆ ಟೈಟರ್ ಎಂದು ಹೆಸರು. ಮಗುವಿಗೆ ಹಿಂದೆ ಅಮ್ಮ ಬಂದಿದ್ದರೆ ಅದನ್ನು ಡಾಕ್ಟರ್‌ಗೆ ಹೇಳಿ. ಚಿಕನ್ ಪಾಕ್ಸ್ ಆಗಿತ್ತೆಂದು ಡಾಕ್ಟರ್ ದೃಢೀಕರಿಸಿದರೆ ಆ ಲಸಿಕೆ ಬೇಡವಾಗಬಹುದು. ಕೇಳಿದವರಿಗೆ ಆಯ್ಕೆ ಸಿಗುತ್ತದೆ.

7. ಟಿಬಿ ಪರೀಕ್ಷೆಗೆ ರಕ್ತಪರೀಕ್ಷೆಯನ್ನೇ ಕೇಳಿ.

ಭಾರತದಿಂದ ಬಂದ ಮಕ್ಕಳಿಗೆ ಕ್ಷಯದ ತಪಾಸಣೆ ಬೇಕೆಂದು ಹಲವು ಕೌಂಟಿಗಳು, ಡಿಸ್ಟ್ರಿಕ್ಟ್‌ಗಳು ಹೇಳುತ್ತವೆ. ತೋಳಿನ ಮೇಲೆ ಬಿಸಿಜಿ ಲಸಿಕೆಯ ಗುರುತಿರುವ ಮಗುವಿಗೆ ಚರ್ಮದ ಪರೀಕ್ಷೆ ಮಾಡಿದರೆ ರೋಗವಿಲ್ಲದಿದ್ದರೂ ಪಾಸಿಟಿವ್ ಬರಬಹುದು. ಆಮೇಲೆ ಎಕ್ಸ್‌-ರೇ, ಇನ್ನೊಂದು ಅಪಾಯಿಂಟ್‌ಮೆಂಟ್, ಇನ್ನೊಂದು ಫಾರ್ಮ್. ಕ್ವಾಂಟಿಫೆರಾನ್‌ನಂಥ ರಕ್ತಪರೀಕ್ಷೆಗೆ ಬಿಸಿಜಿ ಅಡ್ಡಿ ಬರುವುದಿಲ್ಲ. "ಮಗುವಿಗೆ ಬಿಸಿಜಿ ಆಗಿದೆ, ರಕ್ತಪರೀಕ್ಷೆ ಮಾಡಬಹುದೇ?" ಎಂದು ಮೊದಲ ವಾಕ್ಯದಲ್ಲೇ ಕೇಳಿ. ಚರ್ಮದ ಪರೀಕ್ಷೆಯೇ ಅನಿವಾರ್ಯವಾದರೆ ಗುರುವಾರ ಮಾಡಿಸಬೇಡಿ. ಅದನ್ನು 48ರಿಂದ 72 ಗಂಟೆಯೊಳಗೆ ನೋಡಿಸಬೇಕು, ಶನಿವಾರ ಭಾನುವಾರ ಕ್ಲಿನಿಕ್ ಮುಚ್ಚಿರುತ್ತದೆ.

8. ಶಾಲೆಯ ಮೊದಲ ದಿನದಿಂದ ಹಿಂದಕ್ಕೆ ಎಣಿಸಿ.

ಕ್ಯಾಲೆಂಡರ್ ತೆಗೆಯಿರಿ. ಶಾಲೆ ಶುರುವಾಗುವ ದಿನಕ್ಕೆ ಸುತ್ತು ಹಾಕಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಎಂಎಂಆರ್ ಮತ್ತು ಚಿಕನ್ ಪಾಕ್ಸ್ ಎರಡೂ ಜೀವಂತ ವೈರಸ್‌ನ ಲಸಿಕೆಗಳು. ಒಂದೇ ದಿನ ಹಾಕಿಸಬೇಕು, ತಪ್ಪಿದರೆ 28 ದಿನ ಕಾಯಬೇಕು. ಟಿಬಿ ಪರೀಕ್ಷೆಯೂ ಹಾಗೇ: ಎಂಎಂಆರ್ ದಿನವೇ ಅಥವಾ ಅದಕ್ಕೆ ಮೊದಲೇ ಮಾಡಿಸಿ, ಇಲ್ಲವಾದರೆ ನಾಲ್ಕು ವಾರ ತಡ. ನಮ್ಮ ಮನೆಯಲ್ಲಿ ಇದೇ ತಪ್ಪಾಯಿತು. ಸೋಮವಾರ ಎಂಎಂಆರ್, ಶುಕ್ರವಾರ ಟಿಬಿ ಪರೀಕ್ಷೆಗೆ ಹೋದೆವು; ಒಂದು ತಿಂಗಳು ಬಿಟ್ಟು ಬನ್ನಿ ಎಂದರು. ನಿಮ್ಮ ಮನೆಯಲ್ಲಿ ಆಗುವುದು ಬೇಡ. ಕ್ರಮ ಗೊತ್ತಿದ್ದರೆ ಒಂದೇ ಭೇಟಿಯಲ್ಲಿ ಮೂರು ಕೆಲಸ ಮುಗಿಯುತ್ತದೆ.

9. ಅಪಾಯಿಂಟ್‌ಮೆಂಟ್ ಜುಲೈನಲ್ಲೇ ಬುಕ್ ಮಾಡಿ, ದುಡ್ಡಿನ ದಾರಿಯೂ ನೋಡಿ.

ಆಗಸ್ಟ್‌ನಲ್ಲಿ ಊರಿನ ಎಲ್ಲ ಪೋಷಕರೂ ಒಂದೇ ಕ್ಲಿನಿಕ್‌ಗೆ ಫೋನ್ ಮಾಡುತ್ತಾರೆ. ಇನ್ಶೂರೆನ್ಸ್ ಶುರುವಾಗುವ ದಿನವನ್ನು ಎಚ್‌ಆರ್ ಬಳಿ ಕೇಳಿ, ಅದರ ಮರುದಿನಕ್ಕೇ ಸಮಯ ಪಡೆಯಿರಿ. "ಹೊಸ ಪೇಷೆಂಟ್, ಸ್ಕೂಲ್ ಫಿಸಿಕಲ್, ಲಸಿಕೆ ಕ್ಯಾಚ್-ಅಪ್" ಎಂದು ಮೂರನ್ನೂ ಹೇಳಿ. ಸಾಕಷ್ಟು ಸಮಯ ಇಡುತ್ತಾರೆ. ನೆಟ್‌ವರ್ಕ್ ಒಳಗಿನ ಡಾಕ್ಟರ್ ಬಳಿ ಶಿಫಾರಸು ಮಾಡಿದ ಲಸಿಕೆಗಳಿಗೆ ಹೆಚ್ಚಿನ ಪ್ಲ್ಯಾನ್‌ಗಳು ದುಡ್ಡು ಕೇಳುವುದಿಲ್ಲ. ಇನ್ಶೂರೆನ್ಸ್ ಇಲ್ಲವೇ? ಕೈಚೆಲ್ಲಬೇಡಿ. 1994ರಿಂದ ನಡೆಯುತ್ತಿರುವ ವ್ಯಾಕ್ಸಿನ್ಸ್ ಫಾರ್ ಚಿಲ್ಡ್ರನ್ ಯೋಜನೆ 19 ವರ್ಷದೊಳಗಿನ ಇನ್ಶೂರೆನ್ಸ್ ಇಲ್ಲದ ಮಕ್ಕಳಿಗೆ ಲಸಿಕೆಯನ್ನು ಉಚಿತವಾಗಿ ಕೊಡುತ್ತದೆ. ಕೌಂಟಿ ಆರೋಗ್ಯ ಇಲಾಖೆಗೆ ಒಂದು ಫೋನ್ ಮಾಡಿ.

10. ಬಾಯಿ ಬಿಟ್ಟು ಕೇಳಿ.

"ನನ್ನ ಇಂಗ್ಲಿಷ್ ಅವರಿಗೆ ಅರ್ಥವಾಗುತ್ತದೋ ಇಲ್ಲವೋ" ಎಂಬುದು ಒಂದು ಅಭ್ಯಾಸ. ಇವತ್ತೇ ಮುರಿಯಿರಿ. ಮೂರು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿ: ನಿಖರವಾಗಿ ಯಾವುದು ಬಾಕಿ? ಕೊನೆಯ ದಿನ ಯಾವುದು? ಅಲ್ಲಿಯವರೆಗೆ ಮಗು ತರಗತಿಗೆ ಬರಬಹುದೇ? ಮೂರನೆಯದು ಬಹಳ ಮುಖ್ಯ. ಬೇರೆ ದೇಶದಿಂದ ಬಂದ ಮಕ್ಕಳಿಗೆ ನ್ಯೂಜೆರ್ಸಿಯಲ್ಲಿ 30 ದಿನಗಳ ಗ್ರೇಸ್ ಅವಧಿ ಸಿಗಬಹುದು. ನ್ಯೂಯಾರ್ಕ್‌ನಲ್ಲೂ 14 ದಿನಗಳ ಮಿತಿ 30ಕ್ಕೆ ಏರಬಹುದು. ಕೇಳದ ಪೋಷಕರಿಗೆ ಇದನ್ನು ಯಾರೂ ಕರೆದು ಹೇಳುವುದಿಲ್ಲ. ಇಂಗ್ಲಿಷ್ ನಿಜಕ್ಕೂ ಕಷ್ಟವಾದರೆ ದುಭಾಷಿ ಬೇಕೆಂದು ಹೇಳಿ. 1964ರ ಸಿವಿಲ್ ರೈಟ್ಸ್ ಕಾಯ್ದೆಯ ಅಡಿ ಭಾಷಾ ನೆರವು ಕೊಡುವುದು ಶಾಲೆಯ ಕರ್ತವ್ಯ. ಅದು ನಿಮ್ಮ ಹಕ್ಕು, ಅವರ ಉಪಕಾರವಲ್ಲ.

11. ಕ್ಲಿನಿಕ್ ಬಾಗಿಲು ದಾಟುವ ಮೊದಲು ಫಾರ್ಮ್ ಪರೀಕ್ಷಿಸಿ.

ಪೋಷಕರ ಭಾಗವನ್ನು ಮನೆಯಲ್ಲೇ ತುಂಬಿ, ಸಹಿ ಹಾಕಿ ತನ್ನಿ. ಡಾಕ್ಟರ್ ಕೊಟ್ಟ ಮೇಲೆ ಅಲ್ಲೇ ನಿಂತು ನಾಲ್ಕು ನೋಡಿ: ಸಹಿ, ಸೀಲು, ತಪಾಸಣೆಯ ದಿನಾಂಕ, ಎಲ್ಲ ಪುಟಗಳು. ಒಂದು ಸಹಿ ತಪ್ಪಿದ್ದಕ್ಕೆ ಮತ್ತೆ ಅರ್ಧ ದಿನ ರಜೆ ಹಾಕುವುದು ಯಾಕೆ? ಫೋಟೋ ತೆಗೆದುಕೊಂಡೇ ಶಾಲೆಗೆ ಕೊಡಿ, ತಲುಪಿದೆ ಎಂಬ ಈಮೇಲ್ ಉತ್ತರ ಪಡೆಯಿರಿ. ಮಾತ್ರೆ ವಿಷಯದಲ್ಲಿ ಎಚ್ಚರ. ಜ್ವರಕ್ಕೆಂದು ಬ್ಯಾಗ್‌ನಲ್ಲಿ ಕ್ರೋಸಿನ್ ಇಟ್ಟು ಕಳಿಸುವ ನಮ್ಮೂರ ರೂಢಿ ಅಲ್ಲಿ ನಡೆಯದು. ಇನ್‌ಹೇಲರ್, ಅಲರ್ಜಿಯ ಎಪಿಪೆನ್‌ಗಳಿಗೆ ಡಾಕ್ಟರ್ ಮತ್ತು ಪೋಷಕರ ಸಹಿಯಿರುವ ಪ್ರತ್ಯೇಕ ಫಾರ್ಮ್ ಬೇಕು. ಮಗುವಿಗೆ ಕಡಲೆಕಾಯಿ ಅಲರ್ಜಿ ಇದ್ದರೆ ಈ ಫಾರ್ಮ್ ಎಲ್ಲಕ್ಕಿಂತ ಮೊದಲು. ನೀವಿಲ್ಲದ ಆರೇಳು ಗಂಟೆ ಮಗುವನ್ನು ಕಾಯುವುದು ಆ ಕಾಗದವೇ.

12. ಒಮ್ಮೆ ಕಟ್ಟಿ, ಹತ್ತು ವರ್ಷ ಬಳಸಿ.

ಫಾರ್ಮ್ ಇಲ್ಲಿಗೆ ಮುಗಿಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಏಳನೇ ತರಗತಿಗೆ ಟಿಡ್ಯಾಪ್ ಬೂಸ್ಟರ್ ಕೇಳುತ್ತಾರೆ. ಶಾಲಾ ತಂಡಕ್ಕೆ ಸೇರಿದರೆ ಸ್ಪೋರ್ಟ್ಸ್ ಫಿಸಿಕಲ್ ಎಂಬ ತಪಾಸಣೆ ಬೇಕು. ಕೆಲಸ ಬದಲಾಗಿ ರಾಜ್ಯ ಬದಲಾದರೆ ಎಲ್ಲವೂ ಮೊದಲಿನಿಂದ. ಆದ್ದರಿಂದ ಮೊದಲ ಭೇಟಿಯಲ್ಲೇ ಭಾರತದ ಹಳೆಯ ದಿನಾಂಕಗಳನ್ನೂ ರಾಜ್ಯದ ಲಸಿಕೆ ರಿಜಿಸ್ಟ್ರಿಗೆ ಸೇರಿಸಲು ಡಾಕ್ಟರ್‌ಗೆ ಹೇಳಿ. ಕ್ಯಾಲಿಫೋರ್ನಿಯಾದಲ್ಲಿ ಅದು ಕೇರ್-2, ನ್ಯೂಜೆರ್ಸಿಯಲ್ಲಿ ಎನ್‌ಜೆಐಐಎಸ್, ಟೆಕ್ಸಾಸ್‌ನಲ್ಲಿ ಇಮ್‌ಟ್ರ್ಯಾಕ್-2. ಟೆಕ್ಸಾಸ್‌ನಲ್ಲಿ ನೀವು ಒಪ್ಪಿಗೆ ಕೊಟ್ಟರೆ ಮಾತ್ರ ದಾಖಲಾಗುತ್ತದೆ, ಕೊಡಿ. ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ ಮಗುವಿನ ಹೆಸರಿನ ಒಂದೇ ಫೋಲ್ಡರ್ ಇರಲಿ. ಜವಾಬ್ದಾರಿ ಒಬ್ಬರ ತಲೆಯ ಮೇಲೇ ಇದ್ದರೆ ಅವರು ಊರಿಗೆ ಹೋದ ವಾರವೇ ಶಾಲೆಯಿಂದ ಫೋನ್ ಬರುತ್ತದೆ.

ಈಗ ಶುರು ಮಾಡಿ. ಹನ್ನೆರಡನ್ನೂ ಇವತ್ತೇ ಮುಗಿಸಬೇಕಿಲ್ಲ, ಒಂದು ಸಾಕು. ಅಮೆರಿಕದಲ್ಲಿ ರಾತ್ರಿಯಾದಾಗ ಊರಿನಲ್ಲಿ ಬೆಳಗಾಗಿರುತ್ತದೆ. ಫೋನ್ ಮಾಡಿ ಹೇಳಿ: "ಅಮ್ಮಾ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಪುಟ್ಟಿಯ ತಾಯಿ ಕಾರ್ಡ್ ಇದೆ. ಪ್ರತಿ ಪುಟದ ಫೋಟೋ ತೆಗೆದು ಕಳಿಸು." ಹತ್ತು ನಿಮಿಷದಲ್ಲಿ ಆ ದಿನಾಂಕಗಳು ನಿಮ್ಮ ಕೈಯಲ್ಲಿರುತ್ತವೆ. ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.