‘ನೋ ಕಾಸ್ಟ್’ಗೆ ಎಷ್ಟು ಕಾಸು?

ಕಾಲೇಜು ದಿನಗಳಿಂದ ಆಸೆಪಟ್ಟಿದ್ದ ಮಾಡ್ಯುಲರ್ ಸಿಂಥಸೈಜರ್ ಕೊನೆಗೂ ಮನೆಗೆ ಬಂತು. 1,12,000 ರೂಪಾಯಿ, ನಗದು. ‘ಇಷ್ಟು ದುಡ್ಡು ಕೊಟ್ಟರೂ ಒಂದು ಕೀ ಸಹ ಇಲ್ವಲ್ರೀ’ ಎಂದಳು ಹೆಂಡತಿ. ನಿಜ. ಆಸಿಲೇಟರ್, ಫಿಲ್ಟರ್, ವಿಸಿಎ, ಎನ್ವಲಪ್ ಎಲ್ಲ ಬಿಡಿಬಿಡಿ. ಕೇಬಲ್ ಚುಚ್ಚಿ ಒಂದಕ್ಕೊಂದು ಸೇರಿಸುವ ತನಕ ಅದು ಕುಂಯ್ ಎನ್ನುವುದಿಲ್ಲ.

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ (ಎನ್‌ಐಡಿ) 1969ರಲ್ಲಿ ಮೂಗ್ ಸಿಂಥಸೈಜರ್ ಬಂದಾಗ ಇಂಥ ವಾದ್ಯ ಸಂಸ್ಥೆಗಳಿಗೆ, ದೊಡ್ಡ ಸ್ಟುಡಿಯೊಗಳಿಗೆ ಮಾತ್ರ ಎಟುಕುವ ಮಾತಾಗಿತ್ತು. 1990ರ ದಶಕದ ಮಧ್ಯದಲ್ಲಿ ಜರ್ಮನಿಯ ಡೋಪ್ಫರ್ ಕಂಪನಿ ಯೂರೋರ್‍ಯಾಕ್ ಅಳತೆ ತಂದ ಮೇಲೆ ಒಂದೊಂದೇ ಮಾಡ್ಯೂಲ್ ಕೊಂಡು ಕೂಡಿಸುವುದು ಸುಲಭವಾಯಿತು. ನಮ್ಮಂಥವರ ಜೇಬು ಸೋರಲು ಶುರುವಾದದ್ದೂ ಆಗಲೇ.

ಅಂಗಡಿಯವರು ಹೇಳಿದ ಬೆಲೆ 1,20,000. ‘ನೋ ಕಾಸ್ಟ್ ಇಎಂಐ ಇದೆ ಸರ್, ತಿಂಗಳಿಗೆ ಬರೀ ಹತ್ತು ಸಾವಿರ, ಒಂದೇ ವರ್ಷ’ ಎಂದ ಹುಡುಗ. ನಗದಾದರೆ ಎಷ್ಟು ಎಂದೆ. ಒಳಗೆ ಹೋಗಿ ಕೇಳಿಕೊಂಡು ಬಂದ: ‘ಎಂಟು ಸಾವಿರ ಬಿಡ್ತಾರಂತೆ.’

ಈಗ ಲೆಕ್ಕ ಹಾಕಿ. 1,12,000ಕ್ಕೆ ಎಂಟು ಸಾವಿರವೆಂದರೆ ಮೇಲ್ನೋಟಕ್ಕೆ 7%. ಆದರೆ ಕಂತು ಕಟ್ಟಿದ ಹಾಗೆಲ್ಲ ಸಾಲ ಕರಗುತ್ತದೆ. ಮೊದಲ ತಿಂಗಳು 1,12,000 ಇದ್ದದ್ದು ಕೊನೆಯ ತಿಂಗಳಿಗೆ ಹತ್ತು ಸಾವಿರದ ಆಸುಪಾಸು. ವರ್ಷದ ಸರಾಸರಿ ಸುಮಾರು 61,000. ಅಷ್ಟಕ್ಕೆ 8,000 ಎಂದರೆ 13%. ಇಷ್ಟಕ್ಕೇ ಮುಗಿಯಲಿಲ್ಲ. ಬ್ಯಾಂಕ್ ಇದನ್ನು 15% ಬಡ್ಡಿಯ ಸಾಲವೆಂದು ಬರೆದುಕೊಂಡರೆ ಬಡ್ಡಿ ಸುಮಾರು 9,200. ಅದರ ಮೇಲೆ 18% ಜಿಎಸ್‌ಟಿ, ಅಂದರೆ ಇನ್ನೂ 1,650, ನಮ್ಮ ತಲೆಗೇ. ಬಡ್ಡಿ ಕಂತಿನೊಳಗೇ ಇದೆ; ಕೈಬಿಟ್ಟುಹೋದ 8,000ಕ್ಕೆ ಈ ತೆರಿಗೆ ಸೇರಿದರೆ ಒಟ್ಟು 9,650. ದರ 16% ಹತ್ತಿರ ಬಂತು. ಪ್ರೊಸೆಸಿಂಗ್ ಫೀ ಬೇರೆ.

ಸೊನ್ನೆ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ‘ಝೀರೋ ಪರ್ಸೆಂಟ್’ ಬೋರ್ಡು ಇಳಿಯಿತು, ‘ನೋ ಕಾಸ್ಟ್’ ಬೋರ್ಡು ಏರಿತು. ಪುಕ್ಕಟೆ ಸಾಲ ಕೊಡಲು ಬ್ಯಾಂಕೇನು ನಿಮ್ಮ ಸೋದರಮಾವನೇ?

ನಾನು ಅಂಗಡಿಗೆ ಹೋಗುವ ಮುಂಚೆಯೇ ಆರ್‌ಡಿ ಕಟ್ಟಿದ್ದೆ. ಕೂಡಿಡುವಷ್ಟರಲ್ಲಿ ಯೂರೋ ಏರಿ ವಾದ್ಯವೂ ದುಬಾರಿಯಾಗಿತ್ತು. ಆದರೂ ವರ್ಷಕ್ಕೆ 16% ಏನೂ ಏರಿರಲಿಲ್ಲ.

ಇನ್ನು ಕೊಂಡ ಮೇಲಿನ ಚಟ. ನನ್ನ ಕೇಸ್ 84 ಎಚ್‌ಪಿ. ಒಂದು ಎಚ್‌ಪಿಗೆ 5.08 ಮಿ.ಮೀ.ನಂತೆ ಅಗಲ ಸುಮಾರು ಎರಡು ಗೇಣು. ಬಲತುದಿಯಲ್ಲಿ ನಾಲ್ಕು ಬೆರಳಗಲ ಖಾಲಿ ಇದೆ. ಅದನ್ನು ತುಂಬಿಸು ಎಂದು ಮನಸ್ಸು ಪೀಡಿಸುತ್ತದೆ. ತುಂಬಿದ ಮೇಲೆ ದೊಡ್ಡ ಕೇಸ್ ಬೇಕೆನ್ನುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರ ಕಾಲದಲ್ಲಿ ಹಾಸಿಗೆ ಕಂತಿನಲ್ಲಿ ಸಿಗುತ್ತಿರಲಿಲ್ಲ. ಜಾಗ ತುಂಬಿದ ಮೇಲೆ ನನ್ನ ನಿಯಮ ಇಷ್ಟೇ: ಒಂದು ಮಾರದೆ ಇನ್ನೊಂದು ಕೊಳ್ಳುವಂತಿಲ್ಲ.

ನಿಮ್ಮ ಆಸೆ ಕ್ಯಾಮೆರಾ ಇರಬಹುದು, ಬುಲೆಟ್ ಇರಬಹುದು. ಧಾರಾಳವಾಗಿ ಕೊಳ್ಳಿ. ಕಾರ್ಡ್ ತೆಗೆಯುವ ಮುಂಚೆ ಮಾತ್ರ, ನಗದಾದರೆ ಎಷ್ಟು ಎಂದು ಕೇಳಿ.