ವಾಸ್ತು ಪರಿಮಾಣ: ಮುಪ್ಪಿನಲ್ಲಿ ಮನೆಯ ಮಿತಿ

ಶ್ರಾವಕನ ಐದು ಅಣುವ್ರತಗಳಲ್ಲಿ ಪರಿಗ್ರಹ ಪರಿಮಾಣವು ಕಡೆಯದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಈ ವ್ರತದ ಅತಿಚಾರಗಳನ್ನು ಹೇಳುವಾಗ ಮೊದಲು ಕ್ಷೇತ್ರವನ್ನೂ ಅದರ ಜೊತೆಗೇ ವಾಸ್ತುವನ್ನೂ ಎಣಿಸಿ, ಬೆಳ್ಳಿಬಂಗಾರಗಳನ್ನು ಆಮೇಲೆ ಹೇಳಿದ್ದಾರೆ. ಕ್ಷೇತ್ರವೆಂದರೆ ಹೊಲಗದ್ದೆ, ವಾಸ್ತುವೆಂದರೆ ವಾಸದ ಮನೆ. ಒಡವೆಗೆ ಮಿತಿಯಿಟ್ಟುಕೊಳ್ಳುವ ಅನೇಕರು ಮನೆಗೂ ಮಿತಿಯುಂಟೆಂಬುದನ್ನು ಯೋಚಿಸುವುದಿಲ್ಲ. ಮುಪ್ಪು ಬಂದಾಗ ಈ ಪ್ರಶ್ನೆ ತಾನಾಗಿಯೇ ಎದುರು ನಿಲ್ಲುತ್ತದೆ.

ಬೆಟ್ಟದಪುರದ ಕಡೆಯ ಒಂದು ಹಳೆಯ ತೊಟ್ಟಿಯ ಮನೆಯನ್ನು ಉದಾಹರಣೆಗೆ ಭಾವಿಸಬಹುದು. ಪಡಸಾಲೆ, ನಡುಮನೆ, ಕಣಜದ ಕೋಣೆ, ಅಟ್ಟ, ಹಿತ್ತಿಲು ಎಲ್ಲವೂ ಇವೆ. ಒಂದು ಕಾಲಕ್ಕೆ ಇಪ್ಪತ್ತು ಜನ ಉಂಡ ಮನೆಯಲ್ಲಿ ಈಗ ಉಳಿದವರು ವೃದ್ಧ ದಂಪತಿಗಳಿಬ್ಬರೇ. ಮಕ್ಕಳು ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ನೆಲೆಸಿದ್ದಾರೆ. ಬೀಗ ಹಾಕಿದ ಕೋಣೆಗಳಲ್ಲಿ ಧೂಳು, ಜೇಡರ ಬಲೆ, ಗೆದ್ದಲು ಸೇರುತ್ತವೆ. ನೋಡಿ ನಡೆಯುವುದು, ಮೃದುವಾಗಿ ಗುಡಿಸುವುದು, ನೀರನ್ನು ಸೋಸಿ ಬಳಸುವುದು ಶ್ರಾವಕರ ಮನೆಯ ಆಚಾರವಷ್ಟೆ? ಕಣ್ಣು ಮಂದವಾದವರು ಇಷ್ಟು ದೊಡ್ಡ ಮನೆಯಲ್ಲಿ ಅದನ್ನು ನಡೆಸುವುದು ಹೇಗೆ? ವರ್ಷಕ್ಕೊಮ್ಮೆ ಆಳು ಬಂದು ಬಾಗಿಲು ತೆರೆದು ಗುಡಿಸುವಾಗ ಆಗುವ ಜೀವಹಿಂಸೆಯ ಪಾಲು ಮನೆಯ ಒಡೆಯನಿಗೂ ತಪ್ಪದು. ಆದುದರಿಂದ ಚಿಕ್ಕ ಮನೆಗೆ ಹೋಗುವುದು ಸೌಕರ್ಯದ ಮಾತಷ್ಟೇ ಆಗಿರದೆ ಅಹಿಂಸೆಗೂ ಸಾಧನವಾಗುತ್ತದೆ.

ಆದರೂ ಬಿಡುವುದು ಕಷ್ಟ. ಮಮತೆಯೇ ಪರಿಗ್ರಹದ ಸ್ವರೂಪವೆಂದು ಶಾಸ್ತ್ರವು ಹೇಳುವುದು ಇದರಿಂದಲೇ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಈ ವ್ರತದ ಒಂದು ಸೂಕ್ಷ್ಮ ದೋಷವನ್ನು ತೋರಿಸಿದ್ದಾರೆ. ಒಂದೇ ಮನೆಯೆಂದು ಮಿತಿ ಮಾಡಿಕೊಂಡವನು ಪಕ್ಕದ ಮನೆಯನ್ನೂ ಕೊಂಡು, ನಡುವಿನ ಗೋಡೆಯನ್ನು ತೆಗೆದು, ಎಲ್ಲವೂ ಒಂದೇ ಮನೆಯೆಂದು ಸಮಾಧಾನ ಪಡುವುದೇ ಆ ದೋಷ. ಇಂದಿನ ದಿನಗಳಲ್ಲಿ ಮಗನ ಹೆಸರಿಗೆ ಮನೆ ಬರೆದು ಬೀಗದ ಕೈಯನ್ನು ತನ್ನ ಸೊಂಟದಲ್ಲಿಯೇ ಇಟ್ಟುಕೊಳ್ಳುವವರು ಈ ಮಾತನ್ನು ನೆನೆಯಬೇಕು.

ಬಿಡುವ ಕ್ರಮವನ್ನು ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿಯೇ ಆದಿಪುರಾಣದಲ್ಲಿ ತಿಳಿಸಿದ್ದಾರೆ. ಐವತ್ತಮೂರು ಗರ್ಭಾನ್ವಯ ಕ್ರಿಯೆಗಳಲ್ಲಿ ಇಪ್ಪತ್ತೆರಡನೆಯದು ಗೃಹತ್ಯಾಗ. ಗೃಹಸ್ಥನು ಸಿದ್ಧಪೂಜೆ ಮಾಡಿ, ಬೇಕಾದವರನ್ನು ಕರೆಯಿಸಿ, ಅವರ ಎದುರಿನಲ್ಲಿ ಹಿರಿಯ ಮಗನಿಗೆ ಮನೆಯ ಭಾರವನ್ನು ಒಪ್ಪಿಸಬೇಕು. ದ್ರವ್ಯವನ್ನು ಮೂರು ಭಾಗ ಮಾಡಬೇಕು: ಒಂದು ಧರ್ಮಕಾರ್ಯಕ್ಕೆ, ಒಂದು ಮನೆಯ ವೆಚ್ಚಕ್ಕೆ, ಒಂದು ಒಡಹುಟ್ಟಿದವರ ಹಂಚಿಕೆಗೆ. ಆ ಹಂಚಿಕೆಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೆ ಸಮನಾದ ಪಾಲು ಉಂಟೆಂದು ಆಚಾರ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ಜೈನರಿಗೂ ಅನ್ವಯಿಸುವ ಹಿಂದೂ ಉತ್ತರಾಧಿಕಾರ ಕಾಯಿದೆಯು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಸಮಪಾಲು ಕೊಟ್ಟದ್ದು ೨೦೦೫ರ ತಿದ್ದುಪಡಿಯಿಂದ. “ಮದುವೆ ಮಾಡಿಕೊಟ್ಟಾಯಿತಲ್ಲ, ಇನ್ನೇನು” ಎಂದು ಮಗಳ ಕೈಯಿಂದ ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಳ್ಳಲು ಅವಸರಪಡುವ ಮನೆಗಳು ಕಾಯಿದೆಗಿಂತ ಮುಂಚೆ ಆದಿಪುರಾಣವನ್ನು ಕೇಳಬೇಕು.

ಎರಡನೆಯ ಭಾಗವನ್ನೂ ಮರೆಯಲಾಗದು. ಎಲ್ಲವನ್ನೂ ಕೊಟ್ಟು ಬರಿಗೈಯಾದ ಹಿರಿಯರು ಆರ್ತಧ್ಯಾನಕ್ಕೆ ಬಿದ್ದರೆ ತ್ಯಾಗದ ಫಲವೇ ಕೆಡುತ್ತದೆ. ಮನೆಯನ್ನು ದಾನಪತ್ರದಿಂದ ಕೊಡುವವರು ತಮ್ಮ ಪಾಲನೆಯ ಷರತ್ತನ್ನು ಪತ್ರದಲ್ಲಿಯೇ ಬರೆಯಿಸುವುದು ವಿವೇಕ. ೨೦೦೭ರ ಹಿರಿಯ ನಾಗರಿಕರ ಪಾಲನೆಯ ಕಾಯಿದೆಯ ೨೩ನೆಯ ಪ್ರಕರಣದಂತೆ, ಆ ಷರತ್ತು ತಪ್ಪಿದರೆ ವರ್ಗಾವಣೆಯನ್ನು ರದ್ದುಮಾಡಿಸಲು ಅವಕಾಶವಿದೆ. ಇದು ಮಕ್ಕಳ ಮೇಲಿನ ಸಂಶಯವಲ್ಲ; ಎರಡು ಕಡೆಯವರ ಪರಿಣಾಮಶುದ್ಧಿಗೂ ಕಾವಲು.

ಸಾಮಾನುಗಳಲ್ಲಿ ಮೊದಲು ಯೋಚಿಸಬೇಕಾದುದು ದೇವರ ಕೋಣೆ. ಪ್ರತಿಷ್ಠೆಯಾದ ಬಿಂಬವನ್ನು ಪೂಜೆಯಿಲ್ಲದ ಮನೆಯಲ್ಲಿ ಬಿಟ್ಟು ಹೋಗಬಾರದು; ನಿತ್ಯಪೂಜೆ ನಡೆಯುವ ಬಸದಿಗೆ ವಿಧಿಪೂರ್ವಕವಾಗಿ ಒಪ್ಪಿಸಬೇಕು. ಅಟ್ಟದ ಮೇಲೆ ತಾಡೆಯೋಲೆಯ ಕಟ್ಟುಗಳಿದ್ದರೆ ಅವನ್ನು ಹಳೆಯ ಕಸದೊಡನೆ ಸೇರಿಸುವುದು ಮಹಾಪರಾಧ. ೧೮೯೧ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂತಹ ಭಂಡಾರಗಳನ್ನು ವಿಚಾರಿಸಬೇಕು. ಹಂಡೆ, ಕೊಪ್ಪರಿಗೆಗಳು ಬಸದಿಯ ಅಡಿಗೆಮನೆಗೆ ಸಲ್ಲಬಹುದು.

ಮನಸ್ಸನ್ನು ಹದಗೊಳಿಸಲು ವ್ರತಗಳೇ ದಾರಿ ತೋರುತ್ತವೆ. ದೇಶವ್ರತದಲ್ಲಿ ಶ್ರಾವಕನು ಕಾಲವನ್ನು ಗೊತ್ತುಮಾಡಿಕೊಂಡು ಮನೆ, ಬೀದಿ, ಊರು ಎಂದು ತನ್ನ ಓಡಾಟಕ್ಕೆ ಎಲ್ಲೆ ಹಾಕಿಕೊಳ್ಳುತ್ತಾನೆ. ಇದೇ ರೀತಿ ಒಂದು ಪಕ್ಷದವರೆಗೆ ಎರಡೇ ಕೋಣೆಗಳಲ್ಲಿ ಬಾಳುವ ನಿಯಮ ಹಿಡಿದು ನೋಡಬಹುದು. ಆ ಹದಿನೈದು ದಿನಗಳಲ್ಲಿ ಯಾವ ವಸ್ತುವಿಗಾಗಿ ಮೂರನೆಯ ಕೋಣೆಯ ಬಾಗಿಲು ತೆರೆಯಬೇಕಾಯಿತೋ ಅದಷ್ಟೇ ಹೊಸ ಮನೆಗೆ ಬೇಕಾದುದು. ದಶಲಕ್ಷಣ ಪರ್ವದ ಎಂಟನೆಯ ದಿನ ಉತ್ತಮ ತ್ಯಾಗ, ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ. ಹಂಚಿಕೆಯ ನಿಶ್ಚಯವನ್ನು ಆ ದಿನಗಳಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಮಾಡಿದರೆ ಜಗಳಕ್ಕೆ ಎಡೆ ಕಡಿಮೆ.

ಕಡೆಗೆ ಪ್ರತಿಮೆಗಳ ಕ್ರಮವನ್ನು ನೋಡಬೇಕು. ಎಂಟನೆಯದು ಆರಂಭತ್ಯಾಗ, ಒಂಬತ್ತನೆಯದು ಪರಿಗ್ರಹತ್ಯಾಗ, ಹತ್ತನೆಯದು ಅನುಮತಿತ್ಯಾಗ. ಮನೆಯನ್ನು ಬಿಟ್ಟ ಮೇಲೂ ಮನೆವಾರ್ತೆಯಲ್ಲಿ ಅಪ್ಪಣೆ ಕೊಡುವ ಚಾಪಲ್ಯ ಉಳಿಯುತ್ತದೆಂದೇ ಅನುಮತಿತ್ಯಾಗವನ್ನು ಅದರ ಮೇಲಿನ ಮೆಟ್ಟಿಲಾಗಿ ಇಟ್ಟಿದ್ದಾರೆ. ಪ್ರತಿಮೆಯನ್ನು ಧರಿಸದವರೂ ಇದರ ಒಂದಂಶವನ್ನು ಪಾಲಿಸಬಹುದು. ಸೊಸೆ ತೊಟ್ಟಿಗೆ ಗಾರೆ ಹಾಕಿಸಲಿ, ಮಗ ಹಿತ್ತಿಲ ಗೋಡೆಯನ್ನು ಕೆಡವಲಿ, ಕೇಳಿದರೆ ಮಾತ್ರ ಹೇಳಬೇಕು.

ಈ ನಾಡನ್ನು ಒಮ್ಮೆ ಆಳಿದ ಚೆಂಗಾಳ್ವರ ಅರಸೊತ್ತಿಗೆ ಅಳಿದು ಶತಮಾನಗಳು ಸಂದವು. ಅವರು ದತ್ತಿ ಕೊಟ್ಟು ಪೋಷಿಸಿದ ಹನಸೋಗೆಯ ಬಸದಿಯು ಇಂದಿಗೂ ಇದೆ. ಮನೆ ಬಿಡಲು ಹಿಂಜರಿಯುವ ಹಿರಿಯರು ಮಕ್ಕಳೊಡನೆ ಒಮ್ಮೆ ಅಲ್ಲಿಗೆ ಹೋಗಿ ದರ್ಶನ ಮಾಡಿ ಬಂದು, ಆ ಬಳಿಕ ತಮ್ಮ ವಾಸ್ತು ಪರಿಮಾಣವನ್ನು ನಿಶ್ಚಯಿಸುವುದು ಶ್ರೇಯಸ್ಕರ.